ದೇವರ ಕರೆ ಮತ್ತು ಮುನ್ನೇಮಕ: ಪದೇ ಪದೇ ಕೇಳುವ ಪ್ರಶ್ನೆಗಳು

ಬೈಬಲ್ ಅಧ್ಯಯನ ಕೂಟಗಳಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ಓದುವಾಗ 8ನೇ ಅಧ್ಯಾಯದ ನಡುಭಾಗದ ತನಕ ಎಲ್ಲವೂ ಸುಸೂತ್ರವಾಗಿ ಸಾಗುತ್ತದೆ. 29ನೇ ವಚನ ಬಂದ ಕೂಡಲೇ ಯಾರಾದರೊಬ್ಬರು ಕೈ ಎತ್ತುತ್ತಾರೆ. 9ನೇ ಅಧ್ಯಾಯಕ್ಕೆ ಕಾಲಿಡುವ ಹೊತ್ತಿಗೆ ಲೋಟದಲ್ಲಿನ ಚಹಾ ಆರಿಹೋಗಿರುತ್ತದೆ. ಅಲ್ಲಿ ಏಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಆಗಿರುವುದರಿಂದ ಅವನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಲಾಗಿದೆ. ಸಭೆಗಳ ನಡುವೆ ಒಮ್ಮತವಿಲ್ಲದ ಕಡೆ ಆ ಮಾತನ್ನು ಮುಚ್ಚಿಟ್ಟಿಲ್ಲ; ನನ್ನ ಅಭಿಪ್ರಾಯ ಬಂದ ಕಡೆ ಅದು ನನ್ನದೆಂದು ಓದುಗರಿಗೆ ತಿಳಿಯುವಂತೆ ಬರೆದಿದ್ದೇನೆ.

ಕರೆ, ಆಯ್ಕೆ, ಮುನ್ನೇಮಕ ಎಂಬ ಮೂರು ಮಾತುಗಳಿಗೆ ಇರುವ ವ್ಯತ್ಯಾಸವೇನು?

ಕರೆ ಎಂಬುದು ಕಾಲದೊಳಗೆ ನಡೆಯುವ ಸಂಗತಿ. ಒಂದು ದಿನ, ಒಂದು ಊರಿನಲ್ಲಿ, ಬಹುಮಟ್ಟಿಗೆ ಇನ್ನೊಬ್ಬ ಮನುಷ್ಯನ ಬಾಯಿಂದಲೇ ದೇವರು ಒಬ್ಬನನ್ನು ತನ್ನ ಬಳಿಗೆ ಕರೆಯುತ್ತಾನೆ. ಆ ಕರೆಯ ಹಿಂದೆ ಇರುವ ದೇವರ ಪ್ರೀತಿಯ ತೀರ್ಮಾನಕ್ಕೆ ಆಯ್ಕೆಯೆಂದು ಹೆಸರು. ಆರಿಸಿಕೊಂಡವರನ್ನು ಯಾವ ಗುರಿಗೆ ಮುಟ್ಟಿಸಬೇಕೆಂಬ ಸಂಕಲ್ಪವೇ ಮುನ್ನೇಮಕ. ಇವೆರಡೂ ಲೋಕದ ಸೃಷ್ಟಿಗಿಂತ ಮೊದಲಿನವೆಂದು ಎಫೆಸದವರಿಗೆ ಬರೆದ ಪತ್ರಿಕೆಯ ಮೊದಲನೆಯ ಅಧ್ಯಾಯ ಹೇಳುತ್ತದೆ.

ಮುನ್ನೇಮಕಕ್ಕೆ ಮೂಲವಾದ ಗ್ರೀಕ್ ಕ್ರಿಯಾಪದ ‘ಪ್ರೊಒರಿಜೊ’. ‘ಒರಿಜೊ’ ಎಂದರೆ ಎಲ್ಲೆ ಗುರುತಿಸುವುದು, ನಮ್ಮ ಹೊಲಗದ್ದೆಗಳ ಮಾತಿನಲ್ಲಿ ಹೇಳುವುದಾದರೆ ಬಾಂದುಕಲ್ಲು ನೆಡುವುದು. ‘ಪ್ರೊ’ ಎಂದರೆ ಮುಂಚಿತವಾಗಿ. ಇಷ್ಟೊಂದು ಜಗಳಕ್ಕೆ ಕಾರಣವಾದ ಈ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು 6 ಸಲ ಮಾತ್ರ. ಕರೆಯ ವಂಶದ ಪದಗಳಾದರೋ ಪುಟಪುಟದಲ್ಲೂ ಸಿಗುತ್ತವೆ. ಸಭೆಗೆ ಗ್ರೀಕಿನಲ್ಲಿರುವ ‘ಎಕ್ಲೇಸಿಯ’ ಎಂಬ ಹೆಸರು ಕೂಡ ‘ಹೊರಗೆ ಕರೆ’ ಎಂಬ ಅರ್ಥದ ಧಾತುವಿನಿಂದಲೇ ಹುಟ್ಟಿದ್ದು.

ರೋಮಾಪುರದವರಿಗೆ 8:29-30ರಲ್ಲಿ ಐದು ಕ್ರಿಯೆಗಳು ಸಾಲಾಗಿ ಬರುತ್ತವೆ: ದೇವರು ಮುಂಚಿತವಾಗಿ ಅರಿತನು, ಮೊದಲೇ ನೇಮಿಸಿದನು, ಕರೆದನು, ನೀತಿವಂತರೆಂದು ನಿರ್ಣಯಿಸಿದನು, ಮಹಿಮೆಗೆ ಸೇರಿಸಿದನು. ಮೊದಲಿನ ಎರಡು ಅನಾದಿಯಲ್ಲಿವೆ, ಕೊನೆಯದು ಕಣ್ಣಿಗೆ ಕಾಣದ ಮುಂದಿನದು. ಮನುಷ್ಯನ ಕಿವಿಗೆ ಬೀಳುವುದು ನಡುವಿನ ಕೊಂಡಿಯಾದ ಕರೆ. ಈ ಪತ್ರಿಕೆಯನ್ನು ಬರೆದ ಅಪೊಸ್ತಲ ಪೌಲನ ಓದುಗರು ಆ ನಡುಗೊಂಡಿಯನ್ನು ಈಗಾಗಲೇ ಕೈಯಲ್ಲಿ ಹಿಡಿದಿದ್ದವರು. ಅವರಿಗೆ ಅವನು ಹಿಂದಕ್ಕೂ ಮುಂದಕ್ಕೂ ಸರಪಳಿ ಎಷ್ಟು ಉದ್ದ ಹೋಗಿದೆಯೆಂದು ತೋರಿಸುತ್ತಿದ್ದಾನೆ. ಈ ವಿಷಯದಲ್ಲಿ ಹುಟ್ಟಿದ ಗೊಂದಲಗಳಲ್ಲಿ ಹೆಚ್ಚಿನವು ಸರಪಳಿಯನ್ನು ಮೊದಲನೆಯ ಕೊಂಡಿಯಿಂದ, ಅಂದರೆ ದೇವರ ಗುಟ್ಟಿನ ಕಡೆಯಿಂದ, ಹಿಡಿಯಹೋದದ್ದರ ಫಲವೆಂಬುದು ನನ್ನ ತಿಳಿವಳಿಕೆ. ಮುಂದಿನ ಉತ್ತರಗಳಲ್ಲಿ ಈ ಮಾತು ಮತ್ತೆ ಬರುತ್ತದೆ.

ಹಾಗಾದರೆ ಮುನ್ನೇಮಕವೆಂದರೆ ಹಣೆಬರಹವೇ ತಾನೇ?

ಕನ್ನಡದಲ್ಲಿ ಯೋಚಿಸುವವರಿಗೆ ಮೊದಲು ಬರುವ ಅನುಮಾನ ಇದೇ. ಹಣೆಬರಹವೆಂದಾಗ ನಾವು ಮದುವೆ, ನೌಕರಿ, ಅಪಘಾತ, ಆಯುಷ್ಯ ಎಲ್ಲವನ್ನೂ ಅದರಲ್ಲಿ ಸೇರಿಸುತ್ತೇವೆ. ಹೊಸ ಒಡಂಬಡಿಕೆಯಲ್ಲಿ ಮುನ್ನೇಮಕದ ಪದ ಬರುವ ಸ್ಥಳಗಳನ್ನು ಒಂದೊಂದಾಗಿ ನೋಡಿದರೆ ಇಂಥ ಪಟ್ಟಿ ಎಲ್ಲಿಯೂ ಇಲ್ಲ. ಮನುಷ್ಯರನ್ನು ಕುರಿತು ಹೇಳುವಾಗ ಗುರಿ ಒಂದೇ: ಅವರು ದೇವರ ಮಗನ ಸ್ವರೂಪಕ್ಕೆ ಬರಬೇಕು, ದತ್ತು ಮಕ್ಕಳಾಗಬೇಕು. ನಿತ್ಯಜೀವನದ ಆಗುಹೋಗುಗಳನ್ನು ದೇವರು ನಡೆಸುವ ಬಗೆಯನ್ನು ದೇವಶಾಸ್ತ್ರಜ್ಞರು ‘ದೇವರ ಪರಿಪಾಲನೆ’ ಎಂಬ ಬೇರೆ ಅಧ್ಯಾಯದಲ್ಲಿ ಚರ್ಚಿಸುತ್ತಾರೆ.

ಕರ್ಮದ ನಿಯಮಕ್ಕಂತೂ ಇದು ನೇರ ವಿರುದ್ಧ. ರೆಬೆಕ್ಕಳ ಅವಳಿ ಮಕ್ಕಳು ಇನ್ನೂ ಹುಟ್ಟದೆ, ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ಮಾಡದೆ ಇದ್ದಾಗಲೇ ಹಿರಿಯನು ಕಿರಿಯನಿಗೆ ಸೇವೆಮಾಡುವನೆಂಬ ಮಾತು ಬಂತೆಂದು ಪೌಲನು 9ನೇ ಅಧ್ಯಾಯದಲ್ಲಿ ಒತ್ತಿ ಹೇಳುತ್ತಾನೆ. ಹಿಂದಿನ ಸಂಚಿತದ ಲೆಕ್ಕಕ್ಕೆ ಅಲ್ಲಿ ಜಾಗವೇ ಇಲ್ಲ. ಆ ಲೆಕ್ಕವಿಲ್ಲದ್ದೇ ಕೆಲವರಿಗೆ ಸಮಾಧಾನ, ಇನ್ನು ಕೆಲವರಿಗೆ ಅನ್ಯಾಯದಂತೆ ಕಾಣುತ್ತದೆ. ಪೌಲನು ಮರುವಚನದಲ್ಲೇ ದೇವರಲ್ಲಿ ಅನ್ಯಾಯವುಂಟೋ ಎಂದು ತಾನೇ ಕೇಳಿಕೊಳ್ಳುವುದರಿಂದ, ಆಕ್ಷೇಪ ಅವನಿಗೂ ಗೊತ್ತಿತ್ತು.

‘ಕರೆಯಲ್ಪಟ್ಟವರು ಬಹು ಜನ, ಆರಿಸಿಕೊಳ್ಳಲ್ಪಟ್ಟವರು ಸ್ವಲ್ಪ ಜನ’ ಎಂದರೆ ದೇವರು ಕೆಲವರನ್ನು ಸುಮ್ಮನೆ ಬಾಯಿಮಾತಿಗೆ ಕರೆಯುತ್ತಾನೆಯೇ?

ಮತ್ತಾಯ 22ರಲ್ಲಿ ಈ ಮಾತು ಅರಸನ ಮಗನ ಮದುವೆಯೂಟದ ಸಾಮ್ಯದ ಕೊನೆಗೆ ಬರುತ್ತದೆ. ಅಲ್ಲಿ ಅರಸನು ಆಳುಗಳನ್ನು ಕಳುಹಿಸುವುದು ಮೊದಲೇ ಆಮಂತ್ರಣ ಪಡೆದವರ ಬಳಿಗೆ. ಊಟ ಸಿದ್ಧವಾಯಿತು, ಬನ್ನಿ ಎಂದು ಎರಡನೆಯ ಸಲ ಕರೆಯುವುದಕ್ಕೆ. ಕುಂಕುಮ ಅಕ್ಷತೆ ಹಿಡಿದು ಮನೆಮನೆಗೆ ಹೋಗಿ ಕರೆದು, ಮದುವೆಯ ದಿನ ಮತ್ತೊಮ್ಮೆ ಮನೆಯ ಹುಡುಗನನ್ನು ಅಟ್ಟುವ ನಮ್ಮ ಹಳ್ಳಿಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾರದೇ ಹೋದವರು ಹೊಲಕ್ಕೆ ಹೋದರು, ವ್ಯಾಪಾರಕ್ಕೆ ಹೋದರು; ಕರೆ ಸುಳ್ಳಾಗಿತ್ತೆಂದು ಅವರಲ್ಲಿ ಯಾರೂ ದೂರಲಿಲ್ಲ.

ಗೊಂದಲಕ್ಕೆ ಇನ್ನೊಂದು ಕಾರಣ ಭಾಷೆಯದು. ಮತ್ತಾಯನಲ್ಲಿ ‘ಕರೆಯಲ್ಪಟ್ಟವರು’ ಎಂದರೆ ಆಮಂತ್ರಣ ಪಡೆದವರು. ಪೌಲನಲ್ಲಿ ಅದೇ ಮಾತಿಗೆ ಕರೆಗೆ ಓಗೊಟ್ಟು ಬಂದವರೆಂಬ ಅರ್ಥವಿದೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 1:24ನ್ನು ನೋಡಬಹುದು. ಈ ಎರಡು ಬಳಕೆಗಳನ್ನು ಬಿಡಿಸಿ ತೋರಿಸಲೆಂದೇ 16ನೇ ಶತಮಾನದ ಜಿನೀವಾದ ಸುಧಾರಕ ಜಾನ್ ಕ್ಯಾಲ್ವಿನನ ದಾರಿಯಲ್ಲಿ ನಡೆದ ‘ಸುಧಾರಿತ’ ಸಭೆಗಳ ದೇವಶಾಸ್ತ್ರಜ್ಞರು ಬಾಹ್ಯ ಕರೆ, ಫಲಕಾರಿಯಾದ ಅಂತರಂಗದ ಕರೆ ಎಂಬ ಭೇದವನ್ನು ಮಾಡಿದರು.

ಅಂತರಂಗದ ಕರೆಗೆ ಒಳ್ಳೆಯ ಉದಾಹರಣೆ ಅಪೊಸ್ತಲರ ಕೃತ್ಯಗಳು 16ರಲ್ಲಿದೆ. ಫಿಲಿಪ್ಪಿ ಊರಿನ ಬಾಗಿಲ ಹೊರಗೆ, ಹೊಳೆಯ ದಡದಲ್ಲಿ, ಸಬ್ಬತ್ ದಿನ ಕೆಲವು ಹೆಂಗಸರು ಕೂಡಿದ್ದಾರೆ. ಧೂಮ್ರವರ್ಣದ ಬಟ್ಟೆ ಮಾರುವ ಥುವತೈರದ ಲುದ್ಯಳೂ ಅವರಲ್ಲಿದ್ದಾಳೆ. ಪೌಲನು ಮಾತಾಡುತ್ತಾನೆ, ಎಲ್ಲರಿಗೂ ಅದೇ ಮಾತು ಕೇಳಿಸುತ್ತದೆ. ಅವಳು ಲಕ್ಷ್ಯಕೊಟ್ಟು ಕೇಳುವಂತೆ ಕರ್ತನು ಅವಳ ಹೃದಯವನ್ನು ತೆರೆದನೆಂದು ಲೂಕನು ಬರೆಯುತ್ತಾನೆ. ಲುದ್ಯಳಿಗೆ ಆಕಾಶವಾಣಿಯೇನೂ ಆಗಲಿಲ್ಲ. ಅವಳು ಗಮನಿಸಿದಳು, ಅಷ್ಟೆ. ಆ ಗಮನವೇ ದೇವರ ಕೆಲಸವಾಗಿತ್ತು.

ಮುನ್ನೇಮಕದ ಈ ವಾದವನ್ನು ಮೊದಲು ಶುರುಮಾಡಿದವರು ಯಾರು?

ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟಿನ್ (354-430). ಅವನಿಗಿಂತ ಹಿಂದಿನ ಬೋಧಕರು, ಮುಖ್ಯವಾಗಿ ಗ್ರೀಕ್ ಪಿತೃಗಳು, ವಿಧಿವಾದಿಗಳನ್ನು ಎದುರಿಸಬೇಕಾಗಿದ್ದುದರಿಂದ ಮನುಷ್ಯನ ಇಚ್ಛಾಸ್ವಾತಂತ್ರ್ಯವನ್ನೇ ಎತ್ತಿಹಿಡಿದಿದ್ದರು. ಅಗಸ್ಟಿನ್ ಕೂಡ ಮೊದಲು ಅದೇ ದಾರಿಯಲ್ಲಿದ್ದ: ಯಾರು ನಂಬುವರೆಂದು ದೇವರಿಗೆ ಮುಂಚೆಯೇ ಗೊತ್ತು, ಆದ್ದರಿಂದ ಅವರನ್ನು ಆರಿಸಿಕೊಳ್ಳುತ್ತಾನೆ ಎಂಬುದು ಅವನ ಅಂದಿನ ನಿಲುವು. ಸುಮಾರು 396ರಲ್ಲಿ ಮಿಲಾನಿನ ಸಿಂಪ್ಲಿಸಿಯಾನಸ್ ಎಂಬಾತ ರೋಮಾಪುರದ ಪತ್ರಿಕೆಯ 9ನೇ ಅಧ್ಯಾಯದ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಬರೆಯಲು ಕುಳಿತಾಗ ಅವನ ಮನಸ್ಸು ಬದಲಾಯಿತು. ‘ನೀನು ಪಡೆದುಕೊಳ್ಳದೆ ನಿನಗಿರುವುದು ಯಾವುದು’ ಎಂಬ ಪೌಲನ ಪ್ರಶ್ನೆ ನಂಬಿಕೆಗೂ ಅನ್ವಯಿಸಿತು. ನಂಬಿಕೆಯೇ ಕೊಡುಗೆಯಾದರೆ ಅದನ್ನು ಆಯ್ಕೆಗೆ ಕಾರಣವೆನ್ನಲಾಗದು. ಇಚ್ಛಾಸ್ವಾತಂತ್ರ್ಯದ ಪರವಾಗಿ ತಾನು ಹೆಣಗಾಡಿದರೂ ದೇವರ ಕೃಪೆಯೇ ಗೆದ್ದಿತೆಂದು ಮುಂದೆ ಮುಪ್ಪಿನಲ್ಲಿ ಅವನು ಬರೆದುಕೊಂಡ. ಪೆಲಾಜಿಯಸ್‌ನೊಂದಿಗಿನ ವಿವಾದ ಇದಾದ ಹದಿನೈದು ವರ್ಷಗಳ ಮೇಲಿನದು ಎಂಬುದನ್ನು ಮರೆಯಬಾರದು. ಜಗಳದ ಬಿಸಿಯಲ್ಲಿ ಹುಟ್ಟಿದ ಮತವಲ್ಲ ಇದು.

ಪೆಲಾಜಿಯಸ್ ಬ್ರಿಟನ್ ಮೂಲದವನು, ರೋಮಿನಲ್ಲಿ ಕಟ್ಟುನಿಟ್ಟಾದ ಬಾಳನ್ನು ಬೋಧಿಸುತ್ತಿದ್ದವನು. ನೀನು ಆಜ್ಞಾಪಿಸುವುದನ್ನು ನೀನೇ ಅನುಗ್ರಹಿಸು ಎಂಬ ಅಗಸ್ಟಿನನ ಪ್ರಾರ್ಥನೆಯನ್ನು ಕೇಳಿ ಅವನು ಸಿಟ್ಟಾದ. ಎಲ್ಲವನ್ನೂ ದೇವರೇ ಕೊಡಬೇಕಾದರೆ ಮನುಷ್ಯ ಸೋಮಾರಿಯಾಗುತ್ತಾನೆಂಬ ಅವನ ಆತಂಕ ಹುರುಳಿಲ್ಲದ್ದೇನಲ್ಲ. ಆದರೂ ಕೃಪೆಯಿಲ್ಲದೆ ಮನುಷ್ಯನು ದೇವರ ಆಜ್ಞೆಯನ್ನು ನೆರವೇರಿಸಬಲ್ಲನೆಂಬ ಮತವನ್ನು 418ರ ಕಾರ್ಥೇಜಿನ ಸಭೆ ತಳ್ಳಿಹಾಕಿತು.

ಅದೇ ಆತಂಕ ಅಗಸ್ಟಿನನ ಕಡೆಯವರಲ್ಲೇ ತಲೆಯೆತ್ತಿತು. ಇಂದಿನ ಟುನೀಶಿಯದ ಸೂಸ್ ಇರುವಲ್ಲಿ ಹಾದ್ರುಮೇತುಮ್ ಎಂಬ ಊರಿನ ಮಠವಿತ್ತು. ಸುಮಾರು 426ರಲ್ಲಿ ಅಲ್ಲಿನ ಕೆಲವು ಸನ್ಯಾಸಿಗಳು ಅವನ ಬರಹವನ್ನು ಓದಿ, ಹಾಗಾದರೆ ಹಿರಿಯರು ನಮ್ಮನ್ನು ಗದರಿಸುವುದೇಕೆ, ನಮಗಾಗಿ ಪ್ರಾರ್ಥಿಸಿದರೆ ಸಾಕಲ್ಲವೇ ಎಂದು ತಗಾದೆ ತೆಗೆದರು. ಗದರಿಕೆಯೂ ಕೃಪೆ ಕೆಲಸಮಾಡುವ ದಾರಿಗಳಲ್ಲೊಂದು ಎಂದು ಮುದುಕ ಬಿಷಪ್ ತಾಳ್ಮೆಯಿಂದ ಬರೆದು ಕಳುಹಿಸಿದ. ಮಠದಲ್ಲಾಗಲಿ ಹಾಸ್ಟೆಲಿನಲ್ಲಾಗಲಿ ಹುಡುಗರು ಹುಡುಗರೇ.

ದೇವರು ಕೆಲವರನ್ನು ನರಕಕ್ಕೂ ನೇಮಿಸಿದ್ದಾನೆಯೇ?

ಇದಕ್ಕೆ ‘ಇಮ್ಮಡಿ ಮುನ್ನೇಮಕ’ವೆಂದು ಹೆಸರು. 529ರಲ್ಲಿ ಇಂದಿನ ಫ್ರಾನ್ಸಿನ ಒರಾಂಜ್ ಊರಿನಲ್ಲಿ ಆರ್ಲ್‌ನ ಸೆಸಾರಿಯಸ್ ಮುಂದಾಳುತನದಲ್ಲಿ ಕೂಡಿದ ಸಭೆ, ನಂಬಿಕೆಯ ಮೊದಲ ಮಿಡಿತವೂ ಕೃಪೆಯದೇ ಎಂದು ಅಗಸ್ಟಿನನ ಪರವಾಗಿ ನಿಂತಿತು; ಆದರೆ ಕೆಡುಕಿಗೆ ದೇವರೇ ನೇಮಿಸುತ್ತಾನೆಂದು ಹೇಳುವವರಿದ್ದರೆ ಅವರಿಗೆ ಧಿಕ್ಕಾರವೆಂದೂ ಸೇರಿಸಿತು.

ಮೂರು ಶತಮಾನಗಳ ನಂತರ ಗಾಟ್‌ಶಾಕ್ ಎಂಬ ಸ್ಯಾಕ್ಸನ್ ಸನ್ಯಾಸಿ ಆ ಗೆರೆಯನ್ನು ದಾಟಿದ. ಅವನನ್ನು 848ರಲ್ಲಿ ಮೈನ್ಜ್‌ನಲ್ಲಿಯೂ 849ರಲ್ಲಿ ಕಿಯೆರ್ಸಿಯಲ್ಲಿಯೂ ಖಂಡಿಸಿ, ಛಡಿಯೇಟು ಕೊಟ್ಟು, ಬರಹಗಳನ್ನು ಅವನ ಕೈಯಿಂದಲೇ ಬೆಂಕಿಗೆ ಹಾಕಿಸಿ, ಸಾಯುವ ತನಕ ಓವಿಲೇರ್ ಮಠದಲ್ಲಿ ಕೂಡಿಹಾಕಿದರು. ಅವನ ಬದುಕಿನಲ್ಲಿ ಒಂದು ಕಹಿ ಸಂಗತಿಯುಂಟು: ಬಾಲ್ಯದಲ್ಲೇ ಹೆತ್ತವರು ಅವನನ್ನು ಫುಲ್ಡಾ ಮಠಕ್ಕೆ ಒಪ್ಪಿಸಿದ್ದರು, ದೊಡ್ಡವನಾದ ಮೇಲೆ ಅವನು ಬಿಡುಗಡೆ ಕೇಳಿ ಹೋರಾಡಿದ್ದ. ತನ್ನ ಬಾಳನ್ನು ತಾನು ಹುಟ್ಟಿ ಬುದ್ಧಿ ಬರುವ ಮೊದಲೇ ಬೇರೆಯವರು ಗೊತ್ತುಮಾಡಿದ್ದನ್ನು ಕಂಡವನು ಈ ಮತಕ್ಕೇ ಅಂಟಿಕೊಂಡನಲ್ಲ ಎಂದು ನನಗೆ ಆಗಾಗ ಅನ್ನಿಸುವುದುಂಟು.

ಇಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ದೇವರು ಯಾರನ್ನೂ ನರಕಕ್ಕೆ ನೇಮಿಸುವುದಿಲ್ಲವೆಂದು ಖಚಿತವಾಗಿ ಹೇಳುತ್ತದೆ. ಲೂಥರನ್ ಸಭೆಗಳ 1577ರ ಒಪ್ಪಂದದ ಸೂತ್ರವೂ ಮುನ್ನೇಮಕವು ದೇವರ ಮಕ್ಕಳಿಗೆ ಮಾತ್ರ ಸಂಬಂಧಿಸಿದ್ದು, ನಾಶಕ್ಕೆ ಕಾರಣ ಮನುಷ್ಯನ ಪಾಪವೆಂದು ಹೇಳುತ್ತದೆ. ಕ್ಯಾಲ್ವಿನನ ದಾರಿ ಬೇರೆ.

ಕ್ಯಾಲ್ವಿನನಿಗೆ ಇದೊಂದೇ ಚಿಂತೆಯಾಗಿತ್ತೇ?

ಹಾಗೆ ನಂಬುವವರು ಬಹಳ. ಅವನ ಮುಖ್ಯ ಗ್ರಂಥದ 1559ರ ಕೊನೆಯ ಆವೃತ್ತಿಯಲ್ಲಿ 80 ಅಧ್ಯಾಯಗಳಿವೆ. ಮುನ್ನೇಮಕಕ್ಕೆ ಮೀಸಲಾದವು ಮೂರನೆಯ ಭಾಗದ ಕೊನೆಯ ಹೊತ್ತಿಗೆ ಬರುವ 4. ಅವು ಬರುವುದು ಪ್ರಾರ್ಥನೆಯನ್ನು ಕುರಿತ ಉದ್ದನೆಯ ಅಧ್ಯಾಯವಾದ ಮೇಲೆ. ದೇವರ ಜ್ಞಾನದ ಗರ್ಭಗುಡಿಗೆ ನುಗ್ಗುವವನು ಹೊರಬರಲಾಗದ ಚಕ್ರವ್ಯೂಹ ಹೊಗುತ್ತಾನೆಂಬ ಅರ್ಥದ ಎಚ್ಚರಿಕೆಯಿಂದಲೇ ಅವನು ಆರಂಭಿಸುತ್ತಾನೆ. ಅಷ್ಟು ಹೇಳಿಯೂ, ಕೆಲವರಿಗೆ ನಿತ್ಯಜೀವ, ಕೆಲವರಿಗೆ ನಿತ್ಯದಂಡನೆ ನೇಮಿಸಲ್ಪಟ್ಟಿದೆಯೆಂದು ಅವನು ಮುಚ್ಚುಮರೆಯಿಲ್ಲದೆ ಬರೆದ; ಆ ನಿರ್ಣಯ ನಡುಕ ಹುಟ್ಟಿಸುವಂಥದೆಂದು ತಾನೇ ಒಪ್ಪಿಕೊಂಡ.

ಅವನ ಊರಿನಲ್ಲೇ ವಿರೋಧ ಎದ್ದಿತು. 1551ರ ಅಕ್ಟೋಬರ್ 16ರಂದು ಜಿನೀವಾದ ವಾರದ ಅಧ್ಯಯನ ಕೂಟದಲ್ಲಿ ಜೆರೋಮ್ ಬೋಲ್ಸೆಕ್ ಎಂಬ ವೈದ್ಯ, ಹಿಂದೆ ಕಾರ್ಮೆಲೈಟ್ ಸನ್ಯಾಸಿಯಾಗಿದ್ದವನು, ಎದ್ದು ನಿಂತು, ಈ ಬೋಧನೆ ದೇವರನ್ನೇ ಪಾಪದ ಕರ್ತೃವನ್ನಾಗಿ ಮಾಡುತ್ತದೆಂದು ವಾದಿಸಿದ. ಕ್ಯಾಲ್ವಿನ್ ಇಲ್ಲವೆಂದುಕೊಂಡು ಮಾತಾಡುತ್ತಿದ್ದಾಗ ಅವನು ತಡವಾಗಿ ಒಳಗೆ ಬಂದು ಜನರ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಬೋಲ್ಸೆಕ್ ಮುಗಿಸಿದ ಮೇಲೆ ಮುಂದೆ ಬಂದು ಸುಮಾರು ಒಂದು ತಾಸು ಉತ್ತರ ಕೊಟ್ಟ. ಬೋಲ್ಸೆಕ್‌ನನ್ನು ಸೆರೆಯಲ್ಲಿಟ್ಟು ಬರ್ನ್, ಜೂರಿಕ್, ಬಾಸೆಲ್ ಸಭೆಗಳ ಅಭಿಪ್ರಾಯ ಕೇಳಿದಾಗ ಬಂದ ಉತ್ತರಗಳಲ್ಲಿ ಕ್ಯಾಲ್ವಿನ್ ನಿರೀಕ್ಷಿಸಿದ ಬಿಸಿ ಇರಲಿಲ್ಲ. ಡಿಸೆಂಬರಿನಲ್ಲಿ ಬೋಲ್ಸೆಕ್‌ನನ್ನು ಗಡೀಪಾರು ಮಾಡಿದರು. ವಾದದಲ್ಲಿ ಯಾರು ಗೆದ್ದರೆಂಬುದು ಒತ್ತಟ್ಟಿಗಿರಲಿ, ಪ್ರಶ್ನೆ ಕೇಳಿದವನನ್ನು ಊರು ಬಿಡಿಸಿದ್ದು ಸುಧಾರಣೆಯ ಹೆಮ್ಮೆಯ ಗಳಿಗೆಯಾಗಿರಲಿಲ್ಲ.

ಡಾರ್ಟ್ ಸಭೆಯ ‘ಐದು ಅಂಶ’ಗಳು ಎಂದರೇನು?

ಲೈಡನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಯಾಕೊಬಸ್ ಅರ್ಮಿನಿಯಸ್ 1609ರಲ್ಲಿ ತೀರಿಕೊಂಡ ಮೇಲೆ ಅವನ ಅನುಯಾಯಿಗಳು 1610ರಲ್ಲಿ ಐದು ಕಲಮುಗಳ ಮನವಿಯೊಂದನ್ನು ಸಲ್ಲಿಸಿದರು. ದೇವರು ಆರಿಸುವುದು ಕ್ರಿಸ್ತನಲ್ಲಿ ನಂಬಿ ಉಳಿಯುವವರನ್ನು, ಕ್ರಿಸ್ತನು ಸತ್ತದ್ದು ಎಲ್ಲರಿಗಾಗಿ, ಕೃಪೆಯನ್ನು ಮನುಷ್ಯನು ಎದುರಿಸಿ ತಳ್ಳಬಲ್ಲನು ಎಂಬವು ಅದರ ಸಾರ. ಇದಕ್ಕೆ ಉತ್ತರವಾಗಿ 1618ರ ನವೆಂಬರಿನಿಂದ 1619ರ ಮೇ ತಿಂಗಳ ತನಕ ಡಾರ್ಡ್ರೆಕ್ಟ್ (ಚಿಕ್ಕದಾಗಿ ಡಾರ್ಟ್) ಊರಿನಲ್ಲಿ ನೆದರ್ಲೆಂಡ್ಸಿನವರಲ್ಲದೆ ಬ್ರಿಟನ್, ಸ್ವಿಟ್ಜರ್ಲೆಂಡ್, ಜರ್ಮನಿಯ ಪ್ರತಿನಿಧಿಗಳೂ ಕೂಡಿದ ಸಭೆ ಆ ಐದು ಕಲಮುಗಳಿಗೆ ಎದುರಾಗಿ ತನ್ನ ನಿರ್ಣಯಗಳನ್ನು ಬರೆಯಿತು; ಅವೇ ‘ಐದು ಅಂಶ’ಗಳು. ಅವುಗಳ ಸಾರ: ಆಯ್ಕೆಗೆ ಮನುಷ್ಯನಲ್ಲಿ ಕಂಡ ಯಾವ ಗುಣವೂ ಕಾರಣವಲ್ಲ, ಕೃಪೆ ತನ್ನ ಗುರಿಯನ್ನು ತಪ್ಪದೆ ಸಾಧಿಸುತ್ತದೆ, ಆರಿಸಲ್ಪಟ್ಟವರು ಕೊನೆಯ ತನಕ ಕಾಪಾಡಲ್ಪಡುತ್ತಾರೆ. ಅರ್ಮಿನಿಯಸ್‌ನ ಕಡೆಯವರನ್ನು ಜನವರಿಯಲ್ಲೇ ಸಭೆಯಿಂದ ಹೊರಕ್ಕೆ ಕಳುಹಿಸಲಾಗಿತ್ತು. ದೇವಶಾಸ್ತ್ರದ ಜಗಳದೊಂದಿಗೆ ದೇಶದ ರಾಜಕೀಯವೂ ಹೆಣೆದುಕೊಂಡಿತ್ತು. ಅವರಿಗೆ ಆಸರೆಯಾಗಿದ್ದ ಮುತ್ಸದ್ದಿ ಓಲ್ಡನ್‌ಬಾರ್ನೆವೆಲ್ಟ್‌ನ ತಲೆಯನ್ನು 1619ರ ಮೇ 13ರಂದು ಹೇಗ್‌ನಲ್ಲಿ ಕಡಿಯಲಾಯಿತು.

‘ಟುಲಿಪ್’ ಎಂಬ ಐದಕ್ಷರದ ನೆನಪಿನ ಸೂತ್ರ ಡಾರ್ಟ್ ಸಭೆಯದಲ್ಲ, ಬಹಳ ತಡವಾಗಿ ಇಂಗ್ಲಿಷಿನಲ್ಲಿ ಹುಟ್ಟಿದ್ದು. ಅದರ ‘ಮಿತವಾದ ಪ್ರಾಯಶ್ಚಿತ್ತ’ ಎಂಬ ಅಂಶವನ್ನು ಮಾತ್ರ ಬಾಯಿಪಾಠ ಮಾಡಿದವರಿಗೆ, ಕ್ರಿಸ್ತನ ಮರಣ ಇಡೀ ಲೋಕದ ಪಾಪಕ್ಕೆ ಸಾಕಾಗಿ ಮಿಗುವಷ್ಟು ಬೆಲೆಯುಳ್ಳದ್ದೆಂದು ಅದೇ ಡಾರ್ಟ್ ಬರೆದಿರುವುದು ಗೊತ್ತಿರುವುದಿಲ್ಲ.

ನಮ್ಮ ಕರ್ನಾಟಕದ ಸಭೆಗಳು ಯಾವ ಪಕ್ಷದವು?

ಬೇರೆಬೇರೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನವರ ಬೇರುಗಳು ಕ್ಯಾಲ್ವಿನನ ಕಡೆಗಿದ್ದವು. ಮೈಸೂರು ಸೀಮೆಯಲ್ಲಿ ದುಡಿದ ವೆಸ್ಲಿಯನ್ನರದು ಅರ್ಮಿನಿಯಸ್‌ನ ಕಡೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನಲ್ಲಿ ಲೂಥರನ್ನರೂ ಸುಧಾರಿತ ಸಭೆಯವರೂ ಒಟ್ಟಿಗೇ ಇದ್ದರು. ಮೆಥಡಿಸ್ಟರ ಹಿರಿಯ ಜಾನ್ ವೆಸ್ಲಿ ಮುನ್ನೇಮಕದ ವಿರುದ್ಧ 1739ರಲ್ಲಿ ಮಾಡಿದ ಪ್ರಸಂಗದಿಂದ ಅವನಿಗೂ ಅವನ ಜೊತೆಗಾರ ಬೋಧಕ ಜಾರ್ಜ್ ವಿಟ್‌ಫೀಲ್ಡ್‌ಗೂ ಬಿರುಕು ಬಿಟ್ಟಿತ್ತು. ಮನುಷ್ಯನು ಬಿದ್ದವನೇ ಸರಿ, ಆದರೆ ದೇವರ ಮುಂಬರುವ ಕೃಪೆ ಪ್ರತಿಯೊಬ್ಬನನ್ನೂ ಮೊದಲೇ ಮುಟ್ಟಿ, ಕರೆಗೆ ಓಗೊಡುವಷ್ಟು ಬಿಡುಗಡೆ ಕೊಟ್ಟಿರುತ್ತದೆಂಬುದು ವೆಸ್ಲಿಯ ನಿಲುವು. ಆದರೂ 1770ರಲ್ಲಿ ವಿಟ್‌ಫೀಲ್ಡ್ ತೀರಿಕೊಂಡಾಗ ಲಂಡನ್ನಿನಲ್ಲಿ ಸ್ಮರಣೆಯ ಪ್ರಸಂಗ ಮಾಡಿದವನು ವೆಸ್ಲಿಯೇ.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಆಂಗ್ಲಿಕನ್, ಮೆಥಡಿಸ್ಟ್ ಹಾಗೂ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಮೂಲದ ಸಭೆಗಳು ಒಂದಾದವು. ಹೀಗಾಗಿ ಇಂದು ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಕೀರ್ತನೆ ಹಾಡುವ ಇಬ್ಬರ ಹಿರಿಯರು ಈ ವಿಷಯದಲ್ಲಿ ಪರಸ್ಪರ ಒಪ್ಪದವರಾಗಿದ್ದಿರಬಹುದು. ಬೆಂಚಿಗೆ ಅದರಿಂದ ಯಾವ ತೊಂದರೆಯೂ ಆಗಿಲ್ಲ.

ಕಥೋಲಿಕರೂ ಆರ್ಥೊಡಾಕ್ಸರೂ ಏನು ಹೇಳುತ್ತಾರೆ?

ಕಥೋಲಿಕರಲ್ಲಿ ಆಯ್ಕೆಯ ಬೋಧನೆ ಇಲ್ಲವೆಂದು ಭಾವಿಸುವುದು ತಪ್ಪು. ಡೊಮಿನಿಕನ್ನರೂ ಯೇಸುಸಭೆಯವರೂ 16ನೇ ಶತಮಾನದ ಕೊನೆಗೆ ಇದೇ ಪ್ರಶ್ನೆಯ ಮೇಲೆ ತೀವ್ರವಾಗಿ ಕಾದಾಡಿದರು. ಡೊಮಿನಿಕನ್ನರ ಬಾನ್ಯೆಸ್‌ನ ಪ್ರಕಾರ ಕೃಪೆ ತನ್ನ ಸ್ವಂತ ಬಲದಿಂದಲೇ ಫಲಕಾರಿ. 1588ರಲ್ಲಿ ತನ್ನ ಗ್ರಂಥ ಪ್ರಕಟಿಸಿದ ಯೇಸುಸಭೆಯ ಮೊಲಿನಾನ ಪ್ರಕಾರ, ಯಾವ ಸನ್ನಿವೇಶದಲ್ಲಿ ಯಾರು ಸ್ವತಂತ್ರವಾಗಿ ಏನು ಮಾಡುವರೆಂಬುದು ದೇವರಿಗೆ ಗೊತ್ತಿದ್ದು ಅದಕ್ಕೆ ತಕ್ಕಂತೆ ಅವನು ಕೃಪೆಯನ್ನು ಕೊಡುತ್ತಾನೆ. ರೋಮಿನಲ್ಲಿ ವರ್ಷಗಟ್ಟಲೆ ವಿಚಾರಣೆ ನಡೆದ ಮೇಲೆ 1607ರಲ್ಲಿ ಪೋಪ್ ಐದನೆಯ ಪೌಲ್, ಒಬ್ಬರನ್ನೊಬ್ಬರು ಪಾಷಂಡಿಗಳೆನ್ನಬೇಡಿ, ತೀರ್ಪನ್ನು ತಕ್ಕ ಕಾಲದಲ್ಲಿ ತಿಳಿಸಲಾಗುವುದು ಎಂದು ಸಭೆಯನ್ನು ಮುಗಿಸಿದ. ಆ ತಕ್ಕ ಕಾಲ ಇನ್ನೂ ಬಂದಿಲ್ಲ. ಆರ್ಥೊಡಾಕ್ಸ್ ಸಭೆ 1672ರ ಯೆರೂಸಲೇಮಿನ ಸಭೆಯಲ್ಲಿ ಕ್ಯಾಲ್ವಿನನ ಮತವನ್ನು ನಿರಾಕರಿಸಿ, ದೇವರ ಮುನ್ನರಿವಿನ ಮೇಲೆ ಆಯ್ಕೆಯನ್ನು ನಿಲ್ಲಿಸಿತು.

ನಾನು ಮಾಡುವುದೆಲ್ಲ ದೇವರಿಗೆ ಮೊದಲೇ ಗೊತ್ತಿದ್ದರೆ ನನಗೆ ಸ್ವಾತಂತ್ರ್ಯ ಎಲ್ಲಿದೆ?

ತಿಳಿದಿರುವುದು ಬೇರೆ, ಮಾಡಿಸುವುದು ಬೇರೆ. ಥಾಮಸ್ ಅಕ್ವಿನಾಸ್ (1225-1274) ಕೊಟ್ಟ ಹೋಲಿಕೆ ಪ್ರಸಿದ್ಧವಾದದ್ದು: ದಾರಿಯಲ್ಲಿ ನಡೆಯುವವನಿಗೆ ಹಿಂದೆ ಬರುವವರು ಕಾಣುವುದಿಲ್ಲ, ಎತ್ತರದಿಂದ ನೋಡುವವನಿಗೆ ಇಡೀ ದಾರಿಯ ಪಯಣಿಗರು ಒಟ್ಟಿಗೇ ಕಾಣುತ್ತಾರೆ. ಆಗುಂಬೆ ಘಾಟಿಯ ನೆತ್ತಿಯಲ್ಲಿ ನಿಂತವನು ಕೆಳಗಿನ ತಿರುವಿನಲ್ಲಿ ಬರುವ ಬಸ್ಸನ್ನೂ ಮೇಲಿನ ತಿರುವಿನಲ್ಲಿ ಇಳಿಯುವ ಲಾರಿಯನ್ನೂ ಒಂದೇ ನೋಟಕ್ಕೆ ಕಂಡರೆ ಸ್ಟೀರಿಂಗ್ ಅವನ ಕೈಯಲ್ಲಿದೆಯೆಂದು ಅರ್ಥವಾಗುವುದಿಲ್ಲ. ದೇವರಿಗೆ ಎಲ್ಲ ಕಾಲವೂ ವರ್ತಮಾನವೆಂಬ ಈ ಉತ್ತರ ಮುನ್ನರಿವಿನ ಮಟ್ಟಿಗೆ ಸಾಕು. ಮುನ್ನೇಮಕದ ಮಟ್ಟಿಗೆ ಸಾಲದು. ಏಕೆಂದರೆ ಅಲ್ಲಿ ದೇವರು ನೋಡುವುದಷ್ಟೇ ಅಲ್ಲ, ಸಂಕಲ್ಪಿಸುತ್ತಾನೆ. ಹೋಲಿಕೆಯನ್ನು ಅದರ ಅಳತೆ ಮೀರಿ ಎಳೆಯಬಾರದು.

ಯಾಕೋಬನನ್ನು ಪ್ರೀತಿಸಿ ಏಸಾವನನ್ನು ದ್ವೇಷಿಸಿದನೆಂಬ ಮಾತಿನ ಗತಿಯೇನು?

ಯಾಕೋಬ, ಏಸಾವರು ಮೇಲೆ ಹೇಳಿದ ರೆಬೆಕ್ಕಳ ಅವಳಿ ಮಕ್ಕಳು. ರೋಮಾಪುರದ ಪತ್ರಿಕೆಯ 9ನೇ ಅಧ್ಯಾಯದಲ್ಲಿರುವ ಈ ಮಾತನ್ನು ಪೌಲನು ಮಲಾಕಿಯ ಪ್ರವಾದನೆಯಿಂದ ಎತ್ತಿಕೊಂಡ. ಅಲ್ಲಿ ಏಸಾವನೆಂದರೆ ಎದೋಮ್ ಜನಾಂಗ. ಆದ್ದರಿಂದ 9ನೇ ಅಧ್ಯಾಯದ ವಿಷಯ ವ್ಯಕ್ತಿಗಳ ಮೋಕ್ಷವಲ್ಲ, ರಕ್ಷಣೆಯ ಚರಿತ್ರೆಯಲ್ಲಿ ಜನಾಂಗಗಳಿಗೆ ದೊರೆತ ಪಾತ್ರವೆಂದು ಅನೇಕ ವ್ಯಾಖ್ಯಾನಕಾರರು ಹೇಳುತ್ತಾರೆ. ಕುಂಬಾರನ ಮಣ್ಣಿನ ಮಾತು ಮತ್ತು ‘ಯಾರನ್ನು ಕರುಣಿಸುವೆನೋ ಅವರನ್ನು ಕರುಣಿಸುವೆನು’ ಎಂಬ ಮಾತು ವ್ಯಕ್ತಿಗಳನ್ನೂ ಮುಟ್ಟುತ್ತವೆಂದು ಉಳಿದವರು. ಎರಡು ಕಡೆಯವರಿಗೂ ಒಂದು ವಿನಂತಿ: 9ನೇ ಅಧ್ಯಾಯದಲ್ಲಿ ಪುಸ್ತಕ ಮುಚ್ಚಬಾರದು. ಪೌಲನ ವಾದ 11:32ರಲ್ಲಿ, ಎಲ್ಲರನ್ನೂ ಕರುಣಿಸಬೇಕೆಂದು ದೇವರು ಎಲ್ಲರನ್ನೂ ಅವಿಧೇಯತೆಯಲ್ಲಿ ಮುಚ್ಚಿಹಾಕಿದನೆಂಬಲ್ಲಿಗೆ ಬಂದು ಮುಟ್ಟುತ್ತದೆ. ಅಲ್ಲಿಂದ ಮುಂದೆ ವಾದವಿಲ್ಲ, ಸ್ತುತಿಯಿದೆ.

ಮಧ್ವಾಚಾರ್ಯರ ಜೀವತ್ರೈವಿಧ್ಯವೂ ಇದೂ ಒಂದೇ ಎನ್ನುತ್ತಾರಲ್ಲ?

ಹೋಲಿಕೆ ಮೇಲ್ನೋಟಕ್ಕೆ ಬಲವಾಗಿದೆ. ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ಮೂರು ಬಗೆಯೆಂದು ಉಡುಪಿಯ ಪರಂಪರೆ ಹೇಳುತ್ತದೆ. ಆದರೆ ಅಲ್ಲಿ ಜೀವರು ಅನಾದಿ. ಅವರ ಸ್ವಭಾವವೂ ಅನಾದಿ. ಭಗವಂತನು ಆ ಸ್ವಭಾವವನ್ನು ಹೊರತರುತ್ತಾನೆಯೇ ಹೊರತು ಉಂಟುಮಾಡುವುದಿಲ್ಲ. ಕ್ಯಾಲ್ವಿನನಲ್ಲಿ ಎಲ್ಲರೂ ದೇವರಿಂದ ಸೃಷ್ಟಿಯಾದವರು, ಎಲ್ಲರೂ ಒಂದೇ ರೀತಿ ಬಿದ್ದವರು. ಸ್ವಭಾವದಲ್ಲಿ ಭೇದವಿಲ್ಲ, ಭೇದವಿರುವುದು ಕರುಣೆಯಲ್ಲಿ.

ಕೃಪೆ ಮತ್ತು ಪ್ರಯತ್ನದ ಪ್ರಶ್ನೆಗೆ ಇನ್ನೂ ಹತ್ತಿರದ ಹೋಲಿಕೆ ಮೇಲುಕೋಟೆಯಂಥ ಶ್ರೀವೈಷ್ಣವ ಕ್ಷೇತ್ರದಲ್ಲಿ ಸಿಗುತ್ತದೆ. ತಾಯಿಬೆಕ್ಕು ಮರಿಯನ್ನು ಬಾಯಲ್ಲಿ ಕಚ್ಚಿ ಒಯ್ಯುವ ಹಾಗೆ ಭಗವಂತನೇ ಒಯ್ಯುತ್ತಾನೆಂದು ತೆಂಗಲೆಯವರು, ಕೋತಿಮರಿ ತಾಯಿಯ ಹೊಟ್ಟೆಯನ್ನು ಅವುಚಿಕೊಳ್ಳುವಷ್ಟಾದರೂ ಜೀವನು ಮಾಡಬೇಕೆಂದು ವಡಗಲೆಯವರು ಹೇಳುತ್ತಾರೆ. ಡಾರ್ಟ್ ಸಭೆಯನ್ನು ಬೆಕ್ಕಿನ ಕಡೆಗೂ ವೆಸ್ಲಿಯನ್ನು ಕೋತಿಯ ಕಡೆಗೂ ಇಟ್ಟರೆ ಅರ್ಧ ವಿಷಯ ಮಕ್ಕಳಿಗೂ ಅರ್ಥವಾಗುತ್ತದೆ. ಕೋತಿಮರಿಯ ಕೈಗೆ ಬಲ ಬಂದದ್ದೂ ತಾಯಿಯ ಹಾಲಿನಿಂದಲೇ ಎಂಬುದನ್ನು ವೆಸ್ಲಿಯ ಪರವಾಗಿ ಸೇರಿಸಬೇಕು.

ಎಲ್ಲವೂ ಗೊತ್ತಾಗಿರುವಾಗ ಸುವಾರ್ತೆ ಸಾರುವುದೂ ಪ್ರಾರ್ಥಿಸುವುದೂ ಏಕೆ?

ಕೊರಿಂಥದಲ್ಲಿ ಪೌಲನಿಗೆ ರಾತ್ರಿ ದರ್ಶನದಲ್ಲಿ ಬಂದ ಮಾತು: ಹೆದರಬೇಡ, ಸುಮ್ಮನಿರದೆ ಮಾತಾಡು, ಈ ಪಟ್ಟಣದಲ್ಲಿ ನನ್ನ ಜನರು ಬಹಳ ಮಂದಿ ಇದ್ದಾರೆ. ಹಾಗಾದರೆ ನನ್ನ ಕೆಲಸವಿಲ್ಲವೆಂದು ಅವನು ಗಂಟುಮೂಟೆ ಕಟ್ಟಲಿಲ್ಲ. ಒಂದೂವರೆ ವರ್ಷ ಅಲ್ಲೇ ಇದ್ದು ಬೋಧಿಸಿದ.

ನಾನು ಆರಿಸಲ್ಪಟ್ಟವನೋ ಅಲ್ಲವೋ ಎಂದು ತಿಳಿಯುವುದು ಹೇಗೆ?

ಈ ಪ್ರಶ್ನೆಯನ್ನು ಕುತೂಹಲಕ್ಕೆ ಕೇಳುವವರು ಒಂದು ಬಗೆ, ರಾತ್ರಿ ನಿದ್ದೆಯಿಲ್ಲದೆ ಕೇಳುವವರು ಇನ್ನೊಂದು ಬಗೆ. ಎರಡನೆಯವರಿಗೆ ಬಾಯಿಪಾಠದ ಉತ್ತರ ಕೊಡುವುದು ತರವಲ್ಲ. ಇಂದಿಗೂ ಸಭೆಗಳಲ್ಲಿ ಹಾಡುವ ಕೀರ್ತನೆಗಳನ್ನು ಬರೆದ ಇಂಗ್ಲಿಷ್ ಕವಿ ವಿಲಿಯಂ ಕೂಪರ್ 1773ರಲ್ಲಿ ಕಂಡ ಒಂದು ಕನಸಿನ ನಂತರ ತಾನು ದೇವರಿಂದ ತಳ್ಳಲ್ಪಟ್ಟವನೆಂದು ನಂಬಿಬಿಟ್ಟ. ಮನೋವ್ಯಾಧಿ ಅವನನ್ನು ಮೊದಲಿನಿಂದಲೂ ಕಾಡುತ್ತಿತ್ತು. ಗೆಳೆಯರು ಎಷ್ಟು ಹೇಳಿದರೂ 1800ರಲ್ಲಿ ಸಾಯುವ ತನಕ ಆ ನಂಬಿಕೆ ಅವನನ್ನು ಬಿಡಲಿಲ್ಲ. ಇಂಥ ಸಂಕಟದಲ್ಲಿರುವವರಿಗೆ ದೇವಶಾಸ್ತ್ರದ ಜೊತೆಗೆ ವೈದ್ಯರೂ ಬೇಕು, ಅದರಲ್ಲಿ ನಾಚಿಕೆಯಿಲ್ಲ.

ಕಥೋಲಿಕರ ಟ್ರೆಂಟ್ ಸಭೆ 1547ರಲ್ಲಿ, ವಿಶೇಷ ಪ್ರಕಟನೆಯಿಲ್ಲದೆ ತನ್ನ ಮುನ್ನೇಮಕವನ್ನು ಯಾರೂ ಖಚಿತವಾಗಿ ತಿಳಿಯಲಾರರೆಂದಿತು. ಇಂಗ್ಲೆಂಡಿನ ಕಟ್ಟುನಿಟ್ಟಿನ ಸುಧಾರಕರಾದ ಪ್ಯೂರಿಟನ್ನರು ತಮ್ಮ ಬಾಳಿನಲ್ಲಿ ಫಲವನ್ನು ಹುಡುಕಿ ಅದರಿಂದ ಆಯ್ಕೆಯನ್ನು ಊಹಿಸಲು ಕಲಿಸಿದರು. ಎಷ್ಟೋ ದಿನಚರಿಗಳು ಈ ಹುಡುಕಾಟದಿಂದ ಕಣ್ಣೀರಾಗಿವೆ. ಕ್ಯಾಲ್ವಿನ್‌ನ ಉತ್ತರವೇ ಇಲ್ಲಿ ಮೃದುವಾದದ್ದು ಎಂದರೆ ಕೆಲವರಿಗೆ ಅಚ್ಚರಿಯಾಗಬಹುದು: ಆಯ್ಕೆಯನ್ನು ನಿನ್ನೊಳಗೆ ಹುಡುಕಬೇಡ, ಕ್ರಿಸ್ತನೇ ಅದನ್ನು ನೋಡಬೇಕಾದ ಕನ್ನಡಿ. ಅಂದರೆ ಮೊದಲು ಹೇಳಿದ ನಡುಗೊಂಡಿಗೇ ಬಂದೆವು. ಕರೆ ನಿನಗೆ ಕೇಳಿಸುತ್ತಿದೆಯೇ? ಬಾ. ಬಂದವರನ್ನು ತಳ್ಳಿಬಿಡುವುದಿಲ್ಲವೆಂಬ ಮಾತು ಯೋಹಾನ 6:37ರಲ್ಲಿದೆ. ಅದೇ ವಚನದ ಮೊದಲ ಅರ್ಧ ತಂದೆಯು ಕೊಡುವವರೆಲ್ಲರೂ ಬರುವರೆಂದು ಹೇಳುತ್ತದೆ. ಎರಡೂ ಒಂದೇ ಉಸಿರಿನಲ್ಲಿ ಬಂದ ಮಾತುಗಳು.

ದೈವಕರೆ ಎಂದರೆ ಪಾದ್ರಿಗಳಿಗೂ ಕನ್ಯಾಸ್ತ್ರೀಯರಿಗೂ ಮಾತ್ರವೇ?

ಮಧ್ಯಯುಗದ ಬಳಕೆ ಹಾಗೇ ಇತ್ತು. ತಾನೇ ಸನ್ಯಾಸಿಯಾಗಿದ್ದ ಮಾರ್ಟಿನ್ ಲೂಥರ್ ಕರೆ ಎಂಬ ಅರ್ಥದ ಜರ್ಮನಿನ ‘ಬೆರೂಫ್’ ಎಂಬ ಮಾತನ್ನು ಮಠದಿಂದ ಬೀದಿಗೆ ತಂದ. ಕೂಸಿನ ಬಟ್ಟೆ ಒಗೆಯುವ ತಂದೆಯ ಕೆಲಸವೂ ದೇವರಿಗೆ ಮೆಚ್ಚಿಕೆಯಾದದ್ದೆಂದು ಬೋಧಿಸಿದ. ಎರಡನೆಯ ವ್ಯಾಟಿಕನ್ ಸಭೆ 1964ರಲ್ಲಿ ಪವಿತ್ರತೆಯ ಕರೆ ಎಲ್ಲರಿಗೂ ಇದೆಯೆಂದು ಪ್ರಕಟಿಸಿತು. ಆದರೆ ಈಗಿನ ಯುವಕರಲ್ಲಿ ಕರೆಯೆಂದರೆ ಯಾವ ಕೋರ್ಸು, ಯಾವ ಕಂಪನಿ ಎಂಬ ಪ್ರಶ್ನೆಗೆ ದೇವರ ಗುಪ್ತ ಉತ್ತರವೆಂಬಂತಾಗಿದೆ. ಹೊಸ ಒಡಂಬಡಿಕೆಯಲ್ಲಿ ಕರೆ ಮೊದಲು ಒಬ್ಬ ವ್ಯಕ್ತಿಯ ಬಳಿಗೆ. ಕೆಲಸ ಅದರ ಹಿಂದೆ ಬರುತ್ತದೆ. ಶೀಲೋವಿನ ಕತ್ತಲೆಯಲ್ಲಿ ಬಾಲಕ ಸಮುವೇಲನು ಮೂರು ಸಲ ಮುದಿ ಯಾಜಕ ಏಲಿಯೇ ಕರೆದನೆಂದು ಎದ್ದು ಓಡಿದನು. ದೇವರ ಧ್ವನಿ ಅವನಿಗೆ ಪರಿಚಿತ ಮುದುಕನ ಧ್ವನಿಯಂತೆಯೇ ಕೇಳಿಸಿತ್ತು, ಗುರುತಿಸಲು ಆ ಮುದುಕನ ಸಹಾಯವೇ ಬೇಕಾಯಿತು.

ಇತ್ತೀಚಿನ ಕಾಲದಲ್ಲಿ ಹೊಸ ವಿಚಾರವೇನಾದರೂ ಬಂದಿದೆಯೇ?

ಸ್ವಿಸ್ ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್ 1942ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದ. ಆರಿಸುವ ದೇವರೂ ಕ್ರಿಸ್ತನೇ, ಆರಿಸಲ್ಪಟ್ಟ ಮನುಷ್ಯನೂ ಕ್ರಿಸ್ತನೇ. ತಿರಸ್ಕಾರವನ್ನೂ ಅವನೇ ಶಿಲುಬೆಯ ಮೇಲೆ ಹೊತ್ತನು. ಹಾಗಾದರೆ ಎಲ್ಲರೂ ರಕ್ಷಣೆ ಹೊಂದುತ್ತಾರೆಯೇ ಎಂದರೆ ಬಾರ್ತ್ ಅದನ್ನು ಸಿದ್ಧಾಂತವಾಗಿ ಹೇಳಲು ಒಪ್ಪಲಿಲ್ಲ, ಹಾಗೆ ಆಶಿಸುವುದನ್ನು ತಡೆಯಲೂ ಇಲ್ಲ.

ನಂಬುವ ವಯಸ್ಸು ಬರುವ ಮೊದಲೇ ತೀರಿಕೊಂಡ ಮಕ್ಕಳ ಗತಿಯೇನು?

ಈ ಪ್ರಶ್ನೆಯನ್ನು ಯಾರೂ ಕೂಟದಲ್ಲಿ ಕೈ ಎತ್ತಿ ಕೇಳುವುದಿಲ್ಲ. ಎಲ್ಲರೂ ಚಪ್ಪಲಿ ಹಾಕಿಕೊಳ್ಳುವಾಗ ಹಿಂದೆ ಉಳಿದು ಕೇಳುತ್ತಾರೆ. ಕಥೋಲಿಕ ಧರ್ಮೋಪದೇಶ ಜ್ಞಾನಸ್ನಾನವಿಲ್ಲದೆ ತೀರಿಕೊಂಡ ಕೂಸುಗಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ. ಡಾರ್ಟ್ ಸಭೆ ಕೂಡ ತನ್ನ ಮೊದಲನೆಯ ವಿಭಾಗದ 17ನೇ ಕಲಮಿನಲ್ಲಿ ಇದನ್ನು ಎತ್ತಿಕೊಂಡಿತು. ಮಕ್ಕಳು ಬಾಲ್ಯದಲ್ಲೇ ಸಾಯುವುದು ಮನೆಮನೆಯ ಮಾತಾಗಿದ್ದ ಕಾಲವದು. ಆಯ್ಕೆಯ ಬಗ್ಗೆ ಅಷ್ಟು ಬಿಗಿಯಾಗಿ ಬರೆದ ಆ ಪಂಡಿತರು ಇಲ್ಲಿ ಒಂದೇ ವಾಕ್ಯ ಬರೆದು ನಿಲ್ಲಿಸಿದರು: ದೇವರು ಈ ಲೋಕದಿಂದ ಬಾಲ್ಯದಲ್ಲಿ ಕರೆದುಕೊಳ್ಳುವ ತಮ್ಮ ಮಕ್ಕಳ ಆಯ್ಕೆಯ ವಿಷಯದಲ್ಲಿಯೂ ರಕ್ಷಣೆಯ ವಿಷಯದಲ್ಲಿಯೂ ಭಕ್ತರಾದ ತಂದೆತಾಯಿಗಳು ಸಂದೇಹಪಡಬಾರದು.